ಚಾಕಿ ಮನೆಯಲ್ಲಿ ಪಿಯಾನೊ

ಅಕ್ಕೂರಿನ ನಮ್ಮ ಮನೆಯ ಅತ್ಯಂತ ಒಳ್ಳೆಯ ಕೋಣೆಯಲ್ಲಿ ಮನುಷ್ಯರು ಯಾರೂ ಮಲಗುತ್ತಿರಲಿಲ್ಲ. ಅದು ಹಿತ್ತಲ ಕಡೆಗಿತ್ತು. ನಡುಮನೆಯದು ಸಗಣಿ ಸಾರಿಸಿದ ನೆಲ, ಅಡುಗೆಮನೆಯದು ಅಲ್ಲಲ್ಲಿ ಎದ್ದುಹೋದ ಕಲ್ಲಿನ ನೆಲ. ಆ ಕೋಣೆಗೆ ಮಾತ್ರ ನುಣುಪಾದ ಸಿಮೆಂಟು, ಬಿರುಕಿಲ್ಲದ ಗೋಡೆ, ಒಂದೇ ಒಂದು ಸಣ್ಣ ಕಿಟಕಿ, ಕಿಟಕಿಗೆ ನೊಣ ಬಾರದಂತೆ ಬಲೆ. ಮೊಟ್ಟೆಯೊಡೆದು ಹೊರಬಂದ ರೇಷ್ಮೆ ಹುಳುಗಳನ್ನು ಎರಡನೆಯ ಜ್ವರ ಕಳೆಯುವ ತನಕ, ಎಂದರೆ ಅವು ಎರಡು ಸಲ ಪೊರೆ ಬಿಡುವ ತನಕ, ಅಲ್ಲಿ ಸಾಕುತ್ತಿದ್ದರು. ಚಾಕಿ ಮನೆ ಎನ್ನುತ್ತಿದ್ದೆವು. ಅಪ್ಪನ ತಾಯಿ, ನನ್ನಜ್ಜಿ, ಅದರ ಒಡತಿ. ಕಾಲು ತೊಳೆಯದೆ ಅಪ್ಪನೂ ಒಳಗೆ ಹೋಗುವಂತಿರಲಿಲ್ಲ. ಮಳೆಗಾಲದಲ್ಲಿ ಅವಳು ಕಬ್ಬಿಣದ ಅಗ್ಗಿಷ್ಟಿಕೆಗೆ ಇದ್ದಿಲು ತುಂಬಿ ಅಂಗಳದಲ್ಲಿ ಹೊತ್ತಿಸುವಳು. ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಆದ ಮೇಲೆ ಒಳಗೆ ತಂದಿಟ್ಟು, ಬಾಗಿಲಿಗೂ ಕಿಟಕಿಗೂ ಒದ್ದೆ ಗೋಣಿತಾಟು ಇಳಿಬಿಟ್ಟು, ಮುಂಗೈ ಚಾಚಿ ಕಾವು ನೋಡುವಳು. ರೇಷ್ಮೆ ಇಲಾಖೆಯವರು ಕೊಟ್ಟಿದ್ದ ಉಷ್ಣಮಾಪಕ ಗೋಡೆಯಲ್ಲಿ ತೂಗುತ್ತಿತ್ತು; ಅವಳು ಒಮ್ಮೆಯಾದರೂ ಅದರ ಕಡೆ ನೋಡಿದ್ದು ನನಗೆ ನೆನಪಿಲ್ಲ. ಪಕ್ಕದ ಬೀದಿಯವರು ಹುಳ ಸೊರಗಿದರೆ ಅಜ್ಜಿಯನ್ನು ಕರೆದುಕೊಂಡು ಹೋಗುತ್ತಿದ್ದರು. ಅವಳ ಮುಂಗೈಯನ್ನು ಊರು ನಂಬಿತ್ತು.

ಹುಳ ಮನೆಯಲ್ಲಿರುವಷ್ಟು ದಿನವೂ ನಮ್ಮ ಊಟ ಸಪ್ಪೆ. ಒಗ್ಗರಣೆಯ ಘಾಟು ಹುಳಕ್ಕೆ ಆಗದೆಂದು ಅಜ್ಜಿ ಸಾಸಿವೆ ಡಬ್ಬಿಯನ್ನು ಅಟ್ಟಕ್ಕೆ ಏರಿಸಿಬಿಡುತ್ತಿದ್ದಳು. ಮುದ್ದೆ, ಸೊಪ್ಪು ಬಸಿದ ನೀರಿಗೆ ಉಪ್ಪು ಹುಣಸೆ ಹಾಕಿದ ಸಾರು, ಮಜ್ಜಿಗೆ. ಅಮ್ಮ ತಲೆಗೆ ಹಚ್ಚುವ ಎಣ್ಣೆಗೂ ಆಗ ರಜೆ. ಅಪ್ಪ ತಟ್ಟೆಯ ಮುಂದೆ ಕೂತು ದಿನವೂ ಒಂದೇ ಮಾತನ್ನು ಹೇಳುವನು:

“ಹುಳಕ್ಕೂ ಪಥ್ಯ, ನಂಗೂ ಪಥ್ಯ. ಹುಳ ಆದ್ರೆ ಗೂಡಾದ್ರೂ ಕಟ್ಟುತ್ತೆ. ನಾನೇನ್ ಕಟ್ಲವ್ವ?”

“ಬಾಯಿ ಕಟ್ಕೊ,” ಎನ್ನುವಳು ಅಜ್ಜಿ.

ಅಮ್ಮನ ಕೆಲಸ ಏನು ಎಂದು ಊರಿನವರಿಗೆ ಹೇಳಿ ಮುಗಿಸುವುದು ನಮಗೆ ಕಷ್ಟವಾಗಿತ್ತು. ಎಲ್ಲ ಸೊಸೆಯರಂತೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಳು, ಹುಳದ ತಟ್ಟೆ ತೊಳೆಯುತ್ತಿದ್ದಳು, ಎಮ್ಮೆ ಕರೆಯುತ್ತಿದ್ದಳು. ಆದರೆ ವರ್ಷಕ್ಕೆರಡು ಸಲ, ಬೇಸಿಗೆ ಮುಗಿದು ಹದ ಮಳೆ ಬಿದ್ದ ಮೇಲೊಮ್ಮೆ, ಚಳಿ ಶುರುವಾಗುವಾಗ ಇನ್ನೊಮ್ಮೆ, ಕ್ಯಾನ್ವಾಸ್ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. ಅವಳು ಪಿಯಾನೊಗಳನ್ನು ಶ್ರುತಿ ಮಾಡುತ್ತಿದ್ದಳು. ಕನಕಪುರದ ಕಾನ್ವೆಂಟಿನಲ್ಲಿ ಒಂದು, ಸಾತನೂರಿನ ದಾರಿಯ ಇಗರ್ಜಿಯಲ್ಲಿ ಒಂದು, ಮಾಗಡಿಯಲ್ಲಿ ಮುದುಕಿ ಡಾಕ್ಟರಮ್ಮ ಒಬ್ಬರ ಮನೆಯಲ್ಲಿ ಒಂದು. ಅಲ್ಲಿ ಪಿಯಾನೊದ ಮುಂದೆ ನಿಂತರೆ ಕಿಟಕಿಯ ತುಂಬ ಸಾವನದುರ್ಗವೇ. ತಾಯಿಯಿಲ್ಲದ ಅಮ್ಮ ಆ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದವಳು. ಬೆಂಗಳೂರಿನಿಂದ ಬರುತ್ತಿದ್ದ ಶ್ರುತಿಗಾರ ಬರುವುದನ್ನು ನಿಲ್ಲಿಸಿದಾಗ, ಸಂಗೀತದ ಸಿಸ್ಟರ್ ಆಗ್ನೆಸ್ ಹಠ ಹಿಡಿದು ತಾವೇ ಆ ಕೆಲಸ ಕಲಿತರು. ಕಲಿತದ್ದನ್ನೆಲ್ಲ ಹಾಸ್ಟೆಲಿನ ಈ ಮೂಕಿಯಂಥ ಹುಡುಗಿಗೆ ಕಲಿಸಿದರು. ಮದುವೆಯ ಮಾತುಕತೆಯಲ್ಲಿ ಅಮ್ಮ ಕೇಳಿದ್ದು ಒಂದೇ: ವರ್ಷಕ್ಕೆರಡು ಸಲ ಹೋಗಿಬರಲು ಬಿಡಬೇಕು. ಅಪ್ಪ ಒಪ್ಪಿಕೊಂಡ. ಆದರೆ ಆ ಮಾತನ್ನು ತನ್ನ ತಾಯಿಗೆ ಹೇಳುವ ಧೈರ್ಯ ಅವನಿಗೆ ಬಂದದ್ದು ಮದುವೆಯಾದ ಮೇಲೆ. ಅಜ್ಜಿ ಅದನ್ನು ಮರೆಯಲಿಲ್ಲ.

“ಅವರಿವರ ಮನೆ ಪಿಯಾನ ತಿರುವೋಕೆ ಹೋಗ್ತಾಳೆ ನಮ್ ಸೊಸೆ. ತಿರುವೋಕೆ ನಮ್ಮಟ್ಟೀಲಿ ರಾಗಿಕಲ್ಲು ಇರ್ನಿಲ್ವ?” ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಅಮ್ಮ ಎದುರಾಡುತ್ತಿರಲಿಲ್ಲ. ಅವಳು ಎದುರಾಡಿದ್ದು ಒಂದೇ ಸಲ, ಅದೂ ಮಾತಿನಿಂದಲ್ಲ. ಆಯುಧಪೂಜೆಯ ದಿನ ಅಜ್ಜಿ ಕುಡುಗೋಲು, ಸೊಪ್ಪು ಹೆಚ್ಚುವ ಕತ್ತಿ, ನೇಗಿಲ ಗುಳ, ಕೊನೆಗೆ ಅಪ್ಪನ ಸೈಕಲ್ಲು, ಎಲ್ಲಕ್ಕೂ ಅರಿಸಿನ ಕುಂಕುಮ ಇಟ್ಟು, ಸಾಲಿನ ಕೊನೆಯಲ್ಲಿದ್ದ ಅಮ್ಮನ ಶ್ರುತಿ ಕೀಲಿಯನ್ನು ಬಿಟ್ಟು ಎದ್ದಳು. ಮರದ ಹಿಡಿಯ ಆ ಉದ್ದನೆಯ ಕೀಲಿಯಿಂದಲೇ ಅಮ್ಮ ತಂತಿಯ ಮೊಳೆಗಳನ್ನು ತಿರುಗಿಸುತ್ತಿದ್ದಳು. ಅವಳು ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು, ಅಜ್ಜಿಯ ಬಟ್ಟಲಿನಿಂದಲೇ ಕುಂಕುಮ ತೆಗೆದು ಕೀಲಿಗೆ ಇಟ್ಟು, ಅದೇ ಬೆರಳನ್ನು ತನ್ನ ಹಣೆಗೂ ಒತ್ತಿಕೊಂಡು ಒಳಗೆ ಹೋದಳು. ಅವತ್ತು ಇಡೀ ದಿನ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಒಬ್ಬಟ್ಟು ಮಾತ್ರ ಚೆನ್ನಾಗಿತ್ತು.

ಏಳನೆಯ ವಯಸ್ಸಿನಿಂದ ಶಾಲೆಗೆ ರಜೆಯಿದ್ದಾಗ ಅಮ್ಮ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಪಿಯಾನೊದ ಮುಂದಿನ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿಟ್ಟರೆ ಒಳಗೆ ಇನ್ನೂರಕ್ಕೂ ಹೆಚ್ಚು ತಂತಿ. ಹೆಚ್ಚಿನ ಸ್ವರಗಳಿಗೆ ಮೂರು ಮೂರು. ಬದಿಯ ಎರಡಕ್ಕೆ ಬಣ್ಣ ಹೋದ ಕೆಂಪು ಉಣ್ಣೆಯ ಪಟ್ಟಿ ಸಿಕ್ಕಿಸಿ ಮೂಕ ಮಾಡಿ, ನಡುವಿನದನ್ನು ಮೊದಲು ಕೂಡಿಸಿ, ಆಮೇಲೆ ಬದಿಯದನ್ನು ಒಂದೊಂದಾಗಿ ಬಿಡಿಸಿಕೊಳ್ಳುವಳು. ಎರಡು ತಂತಿ ಸರಿಯಾಗಿ ಕೂಡದಿದ್ದರೆ ಅವುಗಳ ನಡುವೆ ಒಂದು ಅಲೆ ಏಳುತ್ತದೆ. ವ್ವ-ವ್ವ-ವ್ವ ಎಂದು ಬೇಗ ಬೇಗ, ಹತ್ತಿರ ಬಂದಂತೆ ನಿಧಾನವಾಗಿ, ಕೊನೆಗೆ ಇಲ್ಲವೇ ಇಲ್ಲ. ಆ ಅಲೆ ನಿಲ್ಲುವ ಕ್ಷಣದಲ್ಲಿ ಅಮ್ಮನ ಮುಖ ಹೇಗಾಗುತ್ತಿತ್ತೆಂದು ಬರೆಯಲು ನಾನು ಹಲವು ಸಲ ಪ್ರಯತ್ನಿಸಿದ್ದೇನೆ. ಹುಬ್ಬು ಸಡಿಲವಾಗುತ್ತಿತ್ತು, ಅಷ್ಟೇ. ಮನೆಯಲ್ಲಿ ಅವಳ ಹುಬ್ಬು ಹಾಗೆ ಸಡಿಲವಾದದ್ದನ್ನು ನಾನು ನೋಡಿರಲಿಲ್ಲ. ಶ್ರುತಿ ಮಾಡುವುದಕ್ಕಿಂತ ಪಿಯಾನೊವನ್ನು ಕಾಪಾಡುವುದು ಹೆಚ್ಚಿನ ಕೆಲಸ ಎಂದು ಅವಳು ಹೇಳುತ್ತಿದ್ದಳು. ಉಣ್ಣೆಗೆ ನುಸಿ ಬಿದ್ದಿದೆಯೋ, ಇಲಿ ಗೂಡು ಮಾಡಿದೆಯೋ, ತಿರುಪು ಸಡಿಲಾಗಿದೆಯೋ ನೋಡಬೇಕು. ಎಲ್ಲದರ ಧೂಳನ್ನು ಕೋಳಿ ಗರಿಯಿಂದ ಗುಡಿಸಬೇಕು. ನುಸಿಗುಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಗೆ ಇಡಬೇಕು.

ಸಾತನೂರಿನ ದಾರಿಯ ಇಗರ್ಜಿಯಲ್ಲಿ ಒಮ್ಮೆ ಯಾರೋ ಪಿಯಾನೊವನ್ನು ಪಶ್ಚಿಮದ ಕಿಟಕಿಯ ಕೆಳಕ್ಕೆ ಸರಿಸಿದ್ದರು. ಸಂಜೆ ಬಿಸಿಲು ನೇರ ಅದರ ಬೆನ್ನಿಗೆ. ಅಮ್ಮ ಚೀಲವನ್ನೂ ಕೆಳಗಿಡದೆ ಮೊದಲು ಪಿಯಾನೊವನ್ನು ಅಲ್ಲಿಂದ ಈಚೆಗೆ ಎಳೆಸಿದಳು. ಆಮೇಲೆ ನನ್ನ ಕೈ ಹಿಡಿದು ಪಿಯಾನೊದ ಬೆನ್ನಿನ ಅಗಲದ ತೆಳು ಹಲಗೆಯ ಮೇಲೆ ಇಟ್ಟಳು. ಅದು ಬೆಚ್ಚಗಿತ್ತು.

“ತಂತಿ ಬರೀ ಅಲ್ಲಾಡ್ತವೆ ಕಣೆ ಮಂಗಳ. ಹಾಡೋದು ಈ ಹಲಗೆ. ಇದಕ್ಕೆ ನೀರು ಸೋಕಿದ್ರೆ ಊದ್ಕೊಳ್ಳುತ್ತೆ, ಗಾಳಿ ಆಡಿದ್ರೆ ತಾನೇ ಇಳೀತದೆ. ನೀರಿಗೆ ಅಷ್ಟು ಹೆದರಬೇಡ. ಬಿಸಿಗೆ ಹೆದರು. ಬಿಸಿಗೆ ಬಿಟ್ಕೊಂಡ ಮರ ಮತ್ತೆ ಕೂಡಲ್ಲ.”

ಆ ಮಾತನ್ನು ಅವಳು ಹೇಳಿದಾಗ ನನಗೆ ಒಂಬತ್ತು ವರ್ಷ. ನಾನು ಕೇಳಿಸಿಕೊಂಡಿದ್ದೆ, ಅರ್ಥವೂ ಆಗಿತ್ತು. ಈ ಅಧ್ಯಾಯದಲ್ಲಿ ನಾನು ಹೇಳಬೇಕಾದದ್ದರಲ್ಲಿ ಇದು ಮುಖ್ಯವಾದದ್ದರಿಂದ ಇಲ್ಲೇ ಸ್ಪಷ್ಟವಾಗಿ ಬರೆದಿಡುತ್ತೇನೆ.

ನನಗೆ ಹನ್ನೊಂದು ತುಂಬುವ ಹೊತ್ತಿಗೆ ಚಾಕಿ ಮನೆ ಖಾಲಿಯಾಯಿತು. ಎರಡನೆಯ ಜ್ವರ ಎದ್ದ ಹುಳವನ್ನೇ ನೇರವಾಗಿ ರೈತರಿಗೆ ಕೊಡುವ ಕೇಂದ್ರ ಹತ್ತಿರದಲ್ಲೇ ಶುರುವಾಗಿತ್ತು. ಅಪ್ಪ ಅಲ್ಲಿಂದ ತರತೊಡಗಿದ. ಅಜ್ಜಿಯ ಕೈಗೆ ಕೆಲಸ ತಪ್ಪಿತು. ಅವಳು ಬೆಳಗ್ಗೆ ಎದ್ದು ಅಭ್ಯಾಸದಿಂದ ಆ ಬಾಗಿಲಿನ ತನಕ ಹೋಗಿ, ಕಾಲು ತೊಳೆದುಕೊಂಡು, ಹಾಗೇ ಹಿಂದಿರುಗುವುದನ್ನು ಎಷ್ಟೋ ದಿನ ನೋಡಿದ್ದೇನೆ. ಊರಿನವರೂ ಅವಳನ್ನು ಕರೆಯುವುದು ನಿಂತಿತು. ಅವಳ ನಾಲಗೆ ಇನ್ನಷ್ಟು ಹರಿತವಾಯಿತು.

ಆ ಮಳೆಗಾಲದ ಮೊದಲಿಗೆ ಕಾನ್ವೆಂಟಿನ ಸಭಾಂಗಣದ ಮಾಡು ಸೋರಿ, ಅದನ್ನು ಬಿಚ್ಚಿ ಹೊಸದಾಗಿ ಕಟ್ಟಲು ಹೊರಟರು. ಪಿಯಾನೊ ಇಡಲು ಅಲ್ಲಿ ಜಾಗವಿಲ್ಲ. ಸಿಸ್ಟರ್ ಆಗ್ನೆಸ್ ಅಮ್ಮನನ್ನು ಕರೆಸಿ, ಅದನ್ನು ಮನೆಗೆ ಒಯ್ದು, ವಾರ್ಷಿಕೋತ್ಸವದ ಹೊತ್ತಿಗೆ ಪೂರ್ತಿ ಸರಿಮಾಡಿ ತರಬಹುದೇ ಎಂದು ಕೇಳಿದರು. ಆಗ ನಾನು ಜೊತೆಯಲ್ಲಿದ್ದೆ. ಅವರು ಮಾತು ಮುಚ್ಚಿಡಲಿಲ್ಲ.

“ನೋಡು ರತ್ನಾ, ಹೊಸ ಮದರ್ ಬೆಂಗಳೂರಿನವರನ್ನೇ ಕರೆಸೋಣ ಅನ್ನುತ್ತಿದ್ದಾರೆ. ಹಳ್ಳಿ ಹೆಂಗಸಿನ ಕೈಯಲ್ಲಿ ಯಾಕೆ ಅಂತ ಅವರ ಪ್ರಶ್ನೆ. ನಾನು ನಿನ್ನ ಪರವಾಗಿ ಮಾತು ಕೊಟ್ಟಿದ್ದೇನೆ. ಇದು ಸರಿಯಾಗಿ ಬಂದರೆ ನೀನಿರುವ ತನಕ ಮೂರು ಪಿಯಾನೊಗಳೂ ನಿನ್ನವು. ಬರದಿದ್ದರೆ ನನ್ನ ಮಾತು ಮುಂದೆ ನಡೆಯುವುದಿಲ್ಲ.”

ಇಗರ್ಜಿಯವರೂ ಡಾಕ್ಟರಮ್ಮನೂ ಸಿಸ್ಟರ್ ಹೇಳಿದ್ದರಿಂದಲೇ ಅಮ್ಮನನ್ನು ಕರೆಯುತ್ತಿದ್ದರು. ಒಂದು ಹೋದರೆ ಮೂರೂ ಹೋಗುತ್ತವೆ ಎಂಬುದು ನನಗೂ ಗೊತ್ತಾಯಿತು.

ಪಿಯಾನೊ ಟ್ರ್ಯಾಕ್ಟರಿನ ಮೇಲೆ, ಹುಲ್ಲಿನ ಹಾಸಿನಲ್ಲಿ, ಮೂರು ಕಂಬಳಿ ಹೊದ್ದು ಬಂತು. ಇಳಿಸಲು ಎಂಟು ಜನ. ಬೀದಿಯವರೆಲ್ಲ ನಿಂತು ನೋಡಿದರು.

“ಏನ್ಲಾ ಇದು, ಹೆಣದ ಪೆಟ್ಗೆ ಇದ್ದಂಗೈತೆ?” ಎಂದ ಒಬ್ಬ.

“ಹೆಣಾನೇ ಕಣ್ಲಾ. ಒಳಗೆ ಹೆಣ ಎದ್ದು ಕೂತ್ಕಂಡೈತೆ, ಕೊಳ್ಳಿ ಹಾಕಿದ್ರೆ ಹಾಡ್ತದೆ,” ಎಂದ ಅಪ್ಪ. ಆ ಮಾತಿಗೆ ಅವತ್ತು ಎಲ್ಲರೂ ನಕ್ಕೆವು. ಅಮ್ಮನೂ.

ಅದಕ್ಕೆ ಯೋಗ್ಯವಾದ ಕೋಣೆ ಒಂದೇ ಇತ್ತು. ಅಜ್ಜಿ ಬಾಗಿಲಿಗೆ ಅಡ್ಡ ಕೂತಳು. ಹುಳ ಬೆಳೆದ ಜಾಗಕ್ಕೆ ಕಂಡವರ ಮರದ ಪೆಟ್ಟಿಗೆ ಬರಕೂಡದು ಎಂದಳು. ಅಪ್ಪ ಅವಳ ಪಕ್ಕ ಕೂತು ಬಹಳ ಹೊತ್ತು ಮೆಲ್ಲಗೆ ಏನೋ ಹೇಳಿದ. ಕೊನೆಗೆ ಅವಳು ಎದ್ದು, “ಕಾಲ್ ತೊಳ್ಕೊಂಡು ಎತ್ಕೊಂಡೋಗಿ, ಎಲ್ರೂವೆ,” ಎಂದಳು. ಎಂಟು ಜನವೂ ಕಾಲು ತೊಳೆದರು.

ಮುಂದಿನ ಎರಡು ತಿಂಗಳು ನಮ್ಮ ಮನೆಯಲ್ಲಿ ಅಮ್ಮ ಇದ್ದಳು ಎಂದು ನಾನು ಹೇಳಬಲ್ಲೆ. ಅದಕ್ಕೆ ಮೊದಲೂ ಇದ್ದಳು, ನಂತರವೂ ಇದ್ದಳು. ಆದರೆ ಆ ಎರಡು ತಿಂಗಳು ಬೇರೆ. ಹೊಲದ ಕೆಲಸ ಮುಗಿಸಿ ಮಧ್ಯಾಹ್ನ ಚಾಕಿ ಮನೆ ಸೇರುವಳು. ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳ ಸವೆದ ಉಣ್ಣೆಯನ್ನು ಉಜ್ಜುಕಾಗದದಿಂದ ತೀಡುವಳು, ಬೆರಳಿನಿಂದ ಒತ್ತುವ ಕೀಗಳನ್ನು ಒಂದೊಂದೇ ಬಿಚ್ಚಿ ತೌಡು ತುಂಬಿದ ಬಟ್ಟೆಯಿಂದ ಒರೆಸುವಳು. ಹಳೆಯ ಶ್ರುತಿಗಾರರೆಲ್ಲ ಒಳಗಿನ ಮರದ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆದಿದ್ದರು; ಎಲ್ಲ ಇಂಗ್ಲಿಷಿನಲ್ಲಿ. ಕೆಳಗೆ ಒಂದೇ ಒಂದು ಕನ್ನಡದಲ್ಲಿತ್ತು: ರತ್ನ. ಒಂದು ದಿನ ಅವಳು ನಮ್ಮ ಕಡೆಯ ಮದುವೆಯ ಸೋಬಾನೆ ಪದವೊಂದನ್ನು ಒಂದೇ ಬೆರಳಿನಲ್ಲಿ ನುಡಿಸಿದಳು. ಹೊರಗೆ ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಅಜ್ಜಿಯ ಮೊರ ನಿಂತಿತು. ಪದ ಮುಗಿದ ಮೇಲೆ ಮತ್ತೆ ಶುರುವಾಯಿತು.  ಮರುದಿನದಿಂದ ಅಜ್ಜಿ ಆ ಹೊತ್ತಿಗೆ ಮೊರ ಹಿಡಿದು ಅಲ್ಲೇ ಕೂರತೊಡಗಿದಳು.

ನಂತರ ಎಡೆಬಿಡದೆ ಮಳೆ ಹಿಡಿಯಿತು. ಬೆನ್ನಿಗೇ ಅಮ್ಮನಿಗೆ ಜ್ವರ. ಊರಿನ ಔಷಧಿಗೆ ಇಳಿಯದೆ ಅದು ವಿಷಮಶೀತ ಜ್ವರವೆಂದು ತಿಳಿದಾಗ ಚನ್ನಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ಅಪ್ಪ ಅವಳ ಜೊತೆಗೇ ಉಳಿದ. ಮನೆಯಲ್ಲಿ ಅಜ್ಜಿ, ನಾನು. ಹೊರಡುವಾಗ ಅಮ್ಮ ಕಾರಿನ ಬಾಗಿಲು ಹಿಡಿದುಕೊಂಡು ಹೇಳಿದ್ದು ಇಷ್ಟು:

“ಕಿಟಕಿ ಮುಚ್ಚಿರಲಿ. ಕೀ ಕಚ್ಕೊಂಡ್ರೆ ಬಿಡು, ಮುಟ್ಟಬೇಡ. ನಾನು ಬತ್ತೀನಿ.”

ನಾಲ್ಕನೆಯ ದಿನಕ್ಕೆ ಕೀಗಳು ಕಚ್ಚಿಕೊಂಡವು. ಒತ್ತಿದರೆ ಕೆಳಗೇ ಉಳಿಯುತ್ತಿದ್ದವು. ನಾನು ಒಂದೊಂದನ್ನೇ ಉಗುರಿನಿಂದ ಮೇಲೆತ್ತುತ್ತ ಅಳುತ್ತಿದ್ದೆ. ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು.

“ಯಾಕೇ ಮಂಗ್ಳಿ, ಮೂಗು ಸುರಿಸ್ತಾ ಕುಂತಿದ್ದೀಯೆ?”

“ಎಲ್ಲ ಕಚ್ಕೊಂಡ್ಬುಟ್ಟವೆ ಅಜ್ಜಿ. ಅಮ್ಮ ಬಂದ್ರೆ ಏನ್ಮಾಡ್ತಾಳೆ?”

ಅವಳು ಒಳಗೆ ಬಂದು ಪಿಯಾನೊದ ಬದಿಗೆ ಮುಂಗೈ ಇಟ್ಟಳು. ಆಮೇಲೆ ಬೆನ್ನಿಗೆ. ಆಮೇಲೆ ಕೆಳಗೆ ಬಗ್ಗಿ ನೆಲಕ್ಕೆ. ಹುಳ ಸೊರಗಿದ ಮನೆಗಳಲ್ಲಿ ಅವಳು ಹಾಗೇ ನೋಡುತ್ತಿದ್ದಳು.

“ಥಂಡಿ ಹಿಡಿದೈತೆ ಕಣೇ ಇದ್ಕೆ. ಹಲ್ಲು ಕಚ್ಚಿರೋದು ಥಂಡಿಗೇಯ. ಒಸಿ ಕಾವು ಕೊಟ್ರೆ ಬುಟ್ಕತ್ತದೆ. ಪಾಪ, ಅವ್ಳು ಜರದಿಂದ ಎದ್ದು ಬಂದು ಇದ್ರ ಜತೆ ಹೆಣಗಾಡ್ಬೇಕಾ? ನಾನಿಲ್ವ?”

ಪಾಪ ಎಂಬ ಮಾತನ್ನು ಅಮ್ಮನಿಗೆ ಸೇರಿಸಿ ಅಜ್ಜಿ ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವಳು ಹಿತ್ತಲಿಗೆ ಹೋಗಿ, ವರ್ಷದಿಂದ ಮುಟ್ಟದ ಅಗ್ಗಿಷ್ಟಿಕೆಯನ್ನು ತಂದು ಬೂದಿ ಕೊಡವಿದಳು. ಸೀರೆ ಮೇಲೆತ್ತಿ ಕಟ್ಟಿಕೊಂಡು, ಮಳೆ ನಿಂತ ಹೊತ್ತು ನೋಡಿ, ಇದ್ದಿಲಿಗೆ ಗಾಳಿ ಹಾಕುತ್ತ ಕೂತಳು. ಅವಳ ಮುಖ ತಿಂಗಳುಗಟ್ಟಲೆ ನಾನು ಕಂಡಿರದ ಹಾಗಿತ್ತು. ಇಗರ್ಜಿಯ ಆ ಬೆಚ್ಚನೆಯ ಹಲಗೆ ಆಗಲೇ ನನ್ನ ನೆನಪಿಗೆ ಬಂತು. ಬರಲಿಲ್ಲವೆಂದು ನಾನು ಹಲವು ವರ್ಷ ನನಗೇ ಹೇಳಿಕೊಂಡಿದ್ದೇನೆ, ಅದು ಸುಳ್ಳು. ಅಮ್ಮ ಹೇಳಿದ ಮಾತು ಪದ ಪದವೂ ನೆನಪಾಯಿತು. ನಾನು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅಜ್ಜಿ ತಲೆಯೆತ್ತಿ ಕೇಳಿದಳು:

“ಹುಳಕ್ಕಾದ್ರೆ ಒದ್ದೆ ಗೋಣಿ ಕಟ್ಟಬೇಕು. ಇದ್ಕೆ ಒದ್ದೆ ಬ್ಯಾಡ, ಅಲ್ವೇನೆ? ನೀನು ನಿಮ್ಮವ್ವನ ಜತೆ ಓಡಾಡಿದೋಳು, ಹೇಳು.”

ಅವಳು ಇನ್ನೊಬ್ಬರನ್ನು ಕೇಳಿ ಕೆಲಸ ಮಾಡುವವಳಲ್ಲ. ನನ್ನನ್ನು ಕೇಳಿದ್ದಳು. ಬೇಡ ಎಂದರೆ ಅವಳು ಅಗ್ಗಿಷ್ಟಿಕೆ ಎತ್ತಿಟ್ಟು ಮತ್ತೆ ಜಗಲಿಗೆ ಹೋಗಿ ಕೂರುತ್ತಾಳೆ. ಅಮ್ಮನ ಕೆಲಸದ ಕಡೆಗೆ ಅವಳು ಇಟ್ಟ ಮೊದಲ ಹೆಜ್ಜೆ ಅದೇ ಕೊನೆಯದೂ ಆಗುತ್ತದೆ. ಹನ್ನೊಂದು ವರ್ಷದ ನಾನು ಇದನ್ನೆಲ್ಲ ಇಷ್ಟು ಮಾತಿನಲ್ಲಿ ಯೋಚಿಸಿರಲಾರೆ. ಆದರೆ ಅವಳ ಮುಖ ನೋಡಿ ಹೇಳಿದೆ:

“ಹೂಂ, ಒದ್ದೆ ಬ್ಯಾಡ ಅಜ್ಜಿ.”

ಮೂರು ದಿನ ಕೆಂಡ ಇಟ್ಟೆವು. ಬಾಗಿಲು, ಕಿಟಕಿ ಭದ್ರ. ಅಗ್ಗಿಷ್ಟಿಕೆಯನ್ನು ಅವಳು ಪಿಯಾನೊದ ಬೆನ್ನಿಗೆ, ಗೋಡೆಗೂ ಅದಕ್ಕೂ ನಡುವೆ ಇಟ್ಟಿದ್ದಳು; ತಣ್ಣಗಾದ ಕೂಡಲೇ ಹೊಸ ಕೆಂಡ. ಊಟಕ್ಕೂ ಅವಸರ. ಎರಡನೆಯ ದಿನ ಸಂಜೆ ಕೀಗಳು ಸಲೀಸಾಗತೊಡಗಿದವು. ಅಜ್ಜಿ ಒಂದೊಂದೇ ಒತ್ತಿ ನೋಡಿ, ಅದು ತಾನಾಗಿ ಮೇಲೆದ್ದಾಗಲೆಲ್ಲ “ಎದ್ದ ನೋಡು, ಎದ್ದ ನನ್ ಮಗ” ಎಂದು ನಗುತ್ತಿದ್ದಳು. ಇನ್ನೊಂದು ದಿನ ಇರಲಿ ಎಂದಳು. ಆಗಲೂ ನಾನು ಸುಮ್ಮನಿದ್ದೆ. ಮೂರನೆಯ ದಿನ ಮಧ್ಯಾಹ್ನ ನಾನೊಬ್ಬಳೇ ಕೋಣೆಯಲ್ಲಿದ್ದಾಗ ಒಳಗಿನಿಂದ ಒಂದು ಸದ್ದು ಬಂತು. ಒಂದೇ ಒಂದು, ಚಿಕ್ಕದು, ದಪ್ಪ ಮಡಕೆ ಬಿಟ್ಟುಕೊಂಡ ಹಾಗೆ. ಅದರ ಹಿಂದೆಯೇ ಬಲತುದಿಯ ಸಣ್ಣ ತಂತಿಗಳು, ಯಾರೂ ಮುಟ್ಟದೆ, ಒಟ್ಟಿಗೆ ನುಡಿದು ನಿಂತವು.

“ಏನೇ ಅದು ಸಿಡಿದಿದ್ದು?” ಎಂದು ಅಜ್ಜಿ ಹಿತ್ತಲಿನಿಂದ ಕೂಗಿದಳು.

“ಕೆಂಡ, ಅಜ್ಜಿ,” ಎಂದೆ.

ಹದಿನೈದು ದಿನದ ಮೇಲೆ ಅಮ್ಮ ಬಂದಳು. ಕೂದಲು ಉದುರಿತ್ತು, ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಅಜ್ಜಿ ಆರತಿ ಎತ್ತಿ, ಬಿಸಿನೀರು ಕೊಟ್ಟು, ಗಂಜಿ ಕುಡಿಸಿ, ಇನ್ನು ತಡೆಯಲಾರದೆ ಅವಳ ಕೈ ಹಿಡಿದು ಚಾಕಿ ಮನೆಗೆ ನಡೆಸಿಕೊಂಡು ಹೋದಳು.

“ಒತ್ತಿ ನೋಡವ್ವ. ಒಂದಾದ್ರೂ ಕಚ್ಕತ್ತದಾ ನೋಡು. ಮೂರು ದಿನ ಕಾವು ಕೊಟ್ಟಿವ್ನಿ. ನೀನು ಬಂದು ಕಷ್ಟ ಬೀಳ್ಬಾರ್ದು ಅಂತ.”

ಅಮ್ಮ ಒತ್ತಿದಳು. ಕೀ ಸಲೀಸಾಗಿ ಇಳಿಯಿತು, ಸಲೀಸಾಗಿ ಎದ್ದಿತು. ಸ್ವರದ ಜೊತೆ ಒಳಗೆ ಜೀರುಂಡೆಯಂಥ ಗುಂಯ್ ಎಂಬ ಸದ್ದು. ಇನ್ನೊಂದನ್ನು ಒತ್ತಿದಳು. ಎಲ್ಲ ತಂತಿಗಳೂ ಇಳಿದುಹೋಗಿದ್ದವು. ಮೊಳೆಗಳನ್ನು ಹಿಡಿದಿದ್ದ ಮರ ಒಣಗಿ ಅವುಗಳನ್ನು ಬಿಟ್ಟುಕೊಟ್ಟಿತ್ತು. ಅವಳು ಗೋಡೆ ಹಿಡಿದುಕೊಂಡು ಹಿಂಬದಿಗೆ ಹೋಗಿ ಬಗ್ಗಿದಳು. ಅಗಲದ ಹಲಗೆಯ ಮೇಲೆ, ಮೇಲಿನಿಂದ ಕೆಳಗೆ ಓರೆಯಾಗಿ, ಒಂದು ಮೊಳ ಉದ್ದಕ್ಕೆ ಸೀಳಿತ್ತು. ಬೆಳಕು ಆಚೆಯಿಂದ ಕಾಣುತ್ತಿತ್ತು. ಅವಳು ಎಷ್ಟು ಹೊತ್ತು ಬಗ್ಗಿಯೇ ಇದ್ದಳೋ ನಾನು ಹೇಳಲಾರೆ. ಅಜ್ಜಿ ಕಾಯುತ್ತಿದ್ದಳು. ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು, ಹೊಗಳಿಕೆಗೆ ಕಾಯುವ ಚಿಕ್ಕ ಹುಡುಗಿಯಂತೆ.

ಅಮ್ಮ ನೆಟ್ಟಗೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು.

“ಚೆನ್ನಾಗಾಗೈತೆ ಅತ್ತೆ. ಒಂದೂ ಕಚ್ಕೊಳಲ್ಲ.”

“ನಾನೇಳ್ನಿಲ್ವೇನೆ ಮಂಗ್ಳಿ!” ಎಂದು ಅಜ್ಜಿ ನನ್ನ ಬೆನ್ನಿಗೆ ಗುದ್ದಿದಳು.

ಅಜ್ಜಿ ಎಮ್ಮೆ ಕಟ್ಟಲು ಹೋದ ಮೇಲೆ ಅಮ್ಮ ನನ್ನನ್ನು ಕೇಳಿದಳು. ಸಿಟ್ಟಿನಿಂದಲ್ಲ.

“ನಿಂಗೆ ಗೊತ್ತಿರ್ಲಿಲ್ವಾ?”

“ಇಲ್ಲ,” ಎಂದೆ.

ವಾರ್ಷಿಕೋತ್ಸವಕ್ಕೆ ಮೂರು ವಾರವಿತ್ತು. ಎದ್ದು ನಿಂತರೆ ತಲೆ ಸುತ್ತುತ್ತಿದ್ದ ಅಮ್ಮ ಆ ಮೂರು ವಾರ ಸ್ಟೂಲಿನ ಮೇಲೆ ಕೂತು ಕೆಲಸ ಮಾಡಿದಳು. ಮೊಳೆಗಳನ್ನು ಒಂದೊಂದಾಗಿ ಒಳಕ್ಕೆ ಹೊಡೆದಳು. ಸಡಿಲವಾದ ರಂಧ್ರಗಳಿಗೆ ಉಜ್ಜುಕಾಗದದ ಚೂರು ಸುತ್ತಿ ಕೂರಿಸಿದಳು. ಚನ್ನಪಟ್ಟಣದ ಗೊಂಬೆ ಮಾಡುವ ಸಾಬರೊಬ್ಬರು ಆಲೆಮರದ ತೆಳು ಸಿಬಿರು ಮಾಡಿಕೊಟ್ಟರು. ಅದನ್ನು ಸೀಳಿಗೆ ಅಂಟು ಹಾಕಿ ತುಂಬಿದಳು. ಸಂಜೆ ಎಲ್ಲವನ್ನೂ ಶ್ರುತಿಗೆ ತಂದು ಏಳುವಳು. ಬೆಳಗ್ಗೆ ಬಂದು ಒಂದು ಸ್ವರ ಒತ್ತುವಳು, ಎರಡು ಒತ್ತುವಳು; ಮೂರನೆಯದನ್ನು ಒತ್ತದೆ ಕೀಲಿ ಕೈಗೆ ತೆಗೆದುಕೊಳ್ಳುವಳು. ಅಪ್ಪನಿಗೆ ಎಲ್ಲ ಗೊತ್ತಾಗಿತ್ತು. ಅವ್ವನಿಗೆ ಹೇಳಿಬಿಡುತ್ತೇನೆ ಎಂದು ಅವನು ಒಮ್ಮೆ ಎದ್ದಾಗ ಅಮ್ಮ ಅವನ ಅಂಗಿ ಹಿಡಿದು ಕೂರಿಸಿದಳು.

“ಹೇಳಿದ್ರೆ ಮರ ಕೂಡ್ಕೊಳ್ತದಾ? ಸುಮ್ನಿರಿ.”

ಕಾನ್ವೆಂಟಿನ ಹೊಸ ಸಭಾಂಗಣದಲ್ಲಿ ಸುಣ್ಣದ ವಾಸನೆಯಿತ್ತು. ಅಮ್ಮ ಎರಡು ದಿನ ಮೊದಲೇ ಪಿಯಾನೊ ಕಳಿಸಿ, ವಾರ್ಷಿಕೋತ್ಸವದ ದಿನ ಬೆಳಗಿನ ಮೊದಲ ಬಸ್ಸಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಸಿಸ್ಟರ್ ಆಗ್ನೆಸ್ ಕೂತು ಎರಡೂ ಕೈಯಿಂದ ನುಡಿಸಿದರು. ಸ್ವಲ್ಪವೇ. ನಿಲ್ಲಿಸಿದರು. ಎದ್ದು ಹಿಂಬದಿಗೆ ಹೋದರು. ಕೆಳಗಿನ ಅಂಚಿನಲ್ಲಿ ವಾರ್ನಿಷ್ ಗುಳ್ಳೆಯೆದ್ದು ಕಂದಾಗಿತ್ತು. ಅವರು ಅದನ್ನು ಉಗುರಿನಿಂದ ಕೆರೆದು ನೋಡಿದರು.

“ರತ್ನಾ, ಇದಕ್ಕೆ ಬೆಂಕಿ ತೋರಿಸಿದವರು ಯಾರು?”

ಹೊಸ ಮದರ್ ಬಾಗಿಲ ಬಳಿ ನಿಂತಿದ್ದರು. ನಾನು ಅಮ್ಮನ ಚೀಲ ಹಿಡಿದು ಅವಳ ಪಕ್ಕದಲ್ಲೇ ಇದ್ದೆ. ಹೇಳಬೇಕಾದದ್ದು ಒಂದು ವಾಕ್ಯ. ಅಮ್ಮನಿಗೆ ಜ್ವರವಿತ್ತು, ಅವಳು ಮನೆಯಲ್ಲಿರಲಿಲ್ಲ ಎಂಬ ಒಂದೇ ವಾಕ್ಯ.

“ನಾನೇ ಸಿಸ್ಟರ್,” ಎಂದಳು ಅಮ್ಮ. “ಒದ್ದೆ ಹಿಡಿದಿತ್ತು. ಕೆಂಡ ಇಟ್ಟೆ.”

ಸಿಸ್ಟರ್ ಪಿಯಾನೊದ ಮುಚ್ಚಳ ಇಳಿಸಿದರು. ಅವರ ದನಿ ಏರಲಿಲ್ಲ.

“ನಾನು ನಿನಗೆ ಕಲಿಸಿದ ಮೊದಲನೆಯ ಪಾಠ ಯಾವುದು?”

 ಮೂರು ವಾರದಲ್ಲಿ ಒಮ್ಮೆಯೂ ಅಳದಿದ್ದ ಅಮ್ಮನ ಗಲ್ಲ ಆಗ ನಡುಗಿತು. ಕೆಲಸ ಹೋಗುವುದನ್ನು ಅವಳು ಮೊದಲೇ ನುಂಗಿಕೊಂಡಿದ್ದಳು. ಕಲಿಸಿದವರು ತನ್ನನ್ನು ಕಲಿಯದವಳೆಂದು ತಿಳಿದುಕೊಂಡು ಉಳಿಯುವುದನ್ನು ನುಂಗಲು ಅವಳು ಸಿದ್ಧಳಾಗಿರಲಿಲ್ಲ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಅವತ್ತು ಗೊತ್ತಿದ್ದದ್ದು, ನಾನು ಚೀಲದ ಪಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ, ಮಾತಾಡಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅಮ್ಮ ಒಂದೇ ಮಾತು ಹೇಳಿದಳು:

“ಅಜ್ಜಿ ಕೇಳಿದ್ರೆ ಚೆನ್ನಾಗಿ ನುಡೀತು ಅನ್ನು.”

ಅಜ್ಜಿ ಕೇಳಿದಳು. ನಾವಿನ್ನೂ ಹೊಸಿಲು ದಾಟಿರಲಿಲ್ಲ. ಚೆನ್ನಾಗಿ ನುಡಿಯಿತು ಎಂದೆ. ಸಿಸ್ಟರಮ್ಮ ಏನಂದರು ಎಂದು ಕೇಳಿದಳು. ಕೀಗಳು ಇಷ್ಟು ಸಲೀಸಾಗಿ ಯಾವತ್ತೂ ಆಡಿರಲಿಲ್ಲ ಎಂದರು ಅಂದೆ. ಅವತ್ತು ಅವಳು ಪಾಯಸ ಮಾಡಿದಳು.

ಬೆಂಗಳೂರಿನವರು ಬಂದರು. ಇಗರ್ಜಿಯಿಂದಲೂ ಮಾಗಡಿಯಿಂದಲೂ ಮತ್ತೆ ಕಾಗದ ಬರಲಿಲ್ಲ. ಸಿಸ್ಟರ್ ಆಗ್ನೆಸ್ ಎರಡು ವರ್ಷದಲ್ಲಿ ಬೇರೆ ಊರಿಗೆ ಹೋದರು. ಅಲ್ಲೇ ತೀರಿಕೊಂಡರೆಂದು ನಾವು ಬಹಳ ತಡವಾಗಿ ಕೇಳಿದೆವು. ಹದ ಮಳೆ ಬಿದ್ದಾಗಲೆಲ್ಲ ಅಜ್ಜಿ, ಈ ಸಲ ಯಾಕೆ ಹೋಗಲಿಲ್ಲ ಎನ್ನುವಳು. ಆ ಪಿಯಾನೊಗಳಿಗೆ ಈಗ ಶ್ರುತಿ ಬೇಡವಂತೆ ಎಂದು ಅಮ್ಮ ಹೇಳುವಳು. “ಯಾಕ್ ಬೇಕು? ನಾನು ಹಂಗೆ ಕಾವು ಕೊಟ್ಟಿವ್ನಿ,” ಎಂದು ಅಜ್ಜಿ ಪಕ್ಕದ ಮನೆಯವರಿಗೆ ವಿವರಿಸುವಳು, ಬೆನ್ನಿಗೆ ಇಟ್ಟದ್ದು, ಒದ್ದೆ ಗೋಣಿ ಕಟ್ಟದೆ ಬಿಟ್ಟದ್ದು, ಎಲ್ಲವನ್ನೂ. ಅಮ್ಮ ಅಲ್ಲೇ ಕೂತು ಸೊಪ್ಪು ಸೋಸುತ್ತಿರುವಳು. “ಹೂಂ, ಅತ್ತೇನೇ ಮಾಡಿದ್ದು,” ಎನ್ನುವಳು. ಅದಾದ ಮೇಲೆ ಅವರಿಬ್ಬರ ನಡುವೆ ಜಗಳ ನಡೆದದ್ದು ನನಗೆ ನೆನಪಿಲ್ಲ. ಅಜ್ಜಿ ಕೊನೆಯ ದಿನಗಳಲ್ಲಿ ಅಮ್ಮನ ಕೈಯಿಂದಲ್ಲದೆ ನೀರು ಕುಡಿಯುತ್ತಿರಲಿಲ್ಲ.

ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಚನ್ನಪಟ್ಟಣದ ನನ್ನ ಮನೆಯಲ್ಲಿದ್ದಾಳೆ. ಈ ಅಧ್ಯಾಯ ಬರೆಯಲು ಕೂತಾಗ, ಅವಳಿಗೆ ಹೇಳದೆ ಇದನ್ನು ಅಚ್ಚಿಗೆ ಕೊಡಬಾರದೆನಿಸಿತು. ಮಧ್ಯಾಹ್ನ ಅವಳು ಹುರುಳಿಕಾಯಿ ನಾರು ಬಿಡಿಸುತ್ತಿದ್ದಳು. ಎದುರಿಗೆ ಕೂತು ಹೇಳಿದೆ.

“ನಂಗೆ ಗೊತ್ತಿತ್ತು ಕಣಮ್ಮ. ಅಜ್ಜಿ ಕೆಂಡ ಹೊತ್ತಿಸುವಾಗಲೇ ಗೊತ್ತಿತ್ತು. ಹೇಳಲಿಲ್ಲ.”

ಅವಳ ಕೈ ನಿಲ್ಲಲಿಲ್ಲ. ಒಂದು ಕಾಯಿ ಮುಗಿಸಿ ಇನ್ನೊಂದು ತೆಗೆದುಕೊಂಡಳು. ಗದರುತ್ತಾಳೆ, ಇಲ್ಲವೇ ಹೋಗಲಿ ಬಿಡು ಎನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಎರಡಕ್ಕೂ ಸಿದ್ಧಳಾಗಿ ಬಂದಿದ್ದೆ.

“ಬಿಡುವಾಗ ಒಂದು ಸದ್ದು ಬಂದಿರ್ಬೇಕು,” ಎಂದಳು. “ಯಾವತ್ತು ಬಂತು?”

“ಮೂರನೇ ದಿನ. ಮಧ್ಯಾಹ್ನ.”

ಅವಳು ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದುಕೊಂಡು ಬಹಳ ಹೊತ್ತು ಲೆಕ್ಕ ಹಾಕುವವಳಂತೆ ನೆಲ ನೋಡಿದಳು.

“ಹಂಗಾದ್ರೆ ಎರಡನೇ ದಿನ ಹೇಳಿದ್ರೂ ಉಳೀತಿತ್ತು,” ಎಂದಳು.